ಆಪರೇಷನ್ ಆದ ಎಳೆ ಹೆಣ್ಣುಬೆಕ್ಕಿನ ಆರೈಕೆ: ಮೊದಲ ರಾತ್ರಿಯಿಂದ ಹೊಲಿಗೆ ಬಿಚ್ಚುವವರೆಗೆ

ಸಂತಾನಹರಣ ಆಪರೇಷನ್ ಆದ ಬೆಕ್ಕನ್ನು ಮೊದಲ ದಿನ ಎಲ್ಲರೂ ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಅದು ತೂರಾಡುತ್ತ ಮಲಗಿರುತ್ತದೆ, ಮನೆಮಂದಿಯೆಲ್ಲ ಸುತ್ತ ಕೂತಿರುತ್ತಾರೆ. ತೊಂದರೆ ಶುರುವಾಗುವುದು ಮೂರನೇ ದಿನದಿಂದ. ಆ ಹೊತ್ತಿಗೆ ನೋವು ಇಳಿದು, ಹಸಿವು ಮರಳಿ, ಬೆಕ್ಕು ಬಾಲ ಎತ್ತಿಕೊಂಡು ಅಟ್ಟದ ಏಣಿ ಹುಡುಕುತ್ತದೆ. ಹೊಟ್ಟೆಯ ಸ್ನಾಯು ಮಾತ್ರ ಇನ್ನೂ ಕೂಡಿರುವುದಿಲ್ಲ, ದಾರದ ಬಲದ ಮೇಲೇ ನಿಂತಿರುತ್ತದೆ. ಹೊಲಿಗೆ ಬಿಟ್ಟುಕೊಳ್ಳುವುದು, ನೆಕ್ಕಿ ನೆಕ್ಕಿ ಗಾಯ ಹುಣ್ಣಾಗುವುದು, ಹೊಟ್ಟೆಯೊಳಗಿನದು ಚರ್ಮದಡಿಗೆ ಜಾರುವುದು ಹೆಚ್ಚಾಗಿ ಮೂರರಿಂದ ಎಂಟನೇ ದಿನದೊಳಗೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಮನೆಗಳಲ್ಲಿ ಇದು ಇನ್ನೂ ಕಷ್ಟ. ಶಿರಸಿ, ಸಿದ್ದಾಪುರದ ಕಡೆ ಹಂಚಿನ ಮಾಡು, ಅಟ್ಟ, ಕೊಟ್ಟಿಗೆ, ಬಚ್ಚಲೊಲೆ, ಸುತ್ತ ಅಡಿಕೆ ತೋಟ. ಕಾರವಾರ, ಅಂಕೋಲಾ, ಕುಮಟಾದ ಕಡೆ ತೆರೆದ ಹಿತ್ತಲು, ಮೀನಿನ ವಾಸನೆ, ಬೆವರು ಆರದ ಹವೆ. ಬೆಕ್ಕನ್ನು ಬಾಗಿಲು ಹಾಕಿ ಇಡುವ ರೂಢಿ ಎರಡೂ ಕಡೆ ಇಲ್ಲ. ಹೀಗಾಗಿ ಹತ್ತು ದಿನ ಅದನ್ನು ಎಲ್ಲಿ, ಹೇಗೆ ಕೂಡಿಡುವುದು ಎಂಬುದನ್ನು ಆಪರೇಷನ್ನಿಗೆ ಒಯ್ಯುವ ಮೊದಲೇ ತೀರ್ಮಾನಿಸಬೇಕು.

ಒಳಗೆ ಏನಾಗಿದೆ, ಡಾಕ್ಟರರಲ್ಲಿ ಏನು ಕೇಳಬೇಕು

ಸಾಮಾನ್ಯವಾಗಿ 4ರಿಂದ 6 ತಿಂಗಳ ವಯಸ್ಸಿನಲ್ಲಿ, ಮೊದಲ ಬೆದೆಗೆ ಬರುವ ಮುಂಚೆ ಅಥವಾ ಅದರ ಆಸುಪಾಸಿನಲ್ಲಿ ಈ ಆಪರೇಷನ್ ಮಾಡುತ್ತಾರೆ. ಹೊಟ್ಟೆಯ ನಡುಗೆರೆಯಲ್ಲಿ ಅಥವಾ ಪಕ್ಕೆಯಲ್ಲಿ 1ರಿಂದ 3 ಸೆಂಟಿಮೀಟರ್ ಸೀಳಿ, ಅಂಡಾಶಯ ಮತ್ತು ಗರ್ಭಕೋಶವನ್ನು ತೆಗೆಯುತ್ತಾರೆ. ಆಮೇಲೆ ಸ್ನಾಯು, ಚರ್ಮದಡಿಯ ಪದರ, ಚರ್ಮ ಹೀಗೆ ಪದರ ಪದರವಾಗಿ ಹೊಲಿಯುತ್ತಾರೆ. ಹೊರಗಿಂದ ಕಾಣುವ ಗಾಯ ಪುಟ್ಟದು. ಅದನ್ನು ನೋಡಿ ಒಳಗಿನದನ್ನು ಅಳೆಯಬೇಡಿ.

ಬೆಕ್ಕನ್ನು ಕೈಗೆ ಕೊಡುವಾಗ ಈ ಐದು ವಿಷಯ ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಹೊಲಿಗೆ ತಾನೇ ಕರಗುವುದೋ, ಬಿಚ್ಚಿಸಬೇಕೋ? ನೋವಿನ ಇಂಜೆಕ್ಷನ್ ಎಷ್ಟು ಗಂಟೆಗೆ ಕೊಟ್ಟಿದ್ದು, ಮುಂದಿನ ಡೋಸ್ ಯಾವಾಗ, ಎಷ್ಟು? ಆ್ಯಂಟಿಬಯಾಟಿಕ್ ಇಂಜೆಕ್ಷನ್ನಿನಲ್ಲೇ ಮುಗಿಯಿತೋ, ಮಾತ್ರೆ ಇದೆಯೋ? ಆಪರೇಷನ್ ಹೊತ್ತಿಗೆ ಬೆಕ್ಕು ಬೆದೆಯಲ್ಲಿತ್ತೋ, ಗಬ್ಬವಾಗಿತ್ತೋ? ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು? ನಾಲ್ಕನೆಯದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಬೆದೆಯಲ್ಲಿದ್ದ ಅಥವಾ ಗಬ್ಬವಾಗಿದ್ದ ಬೆಕ್ಕಿನಲ್ಲಿ ರಕ್ತನಾಳಗಳು ಉಬ್ಬಿರುವುದರಿಂದ ಒಳಗೆ ರಕ್ತ ಸೋರುವ ಸಾಧ್ಯತೆ ಹೆಚ್ಚು, ಮೊದಲ ರಾತ್ರಿಯ ಕಾವಲೂ ಹೆಚ್ಚು ಬೇಕು.

ಮನೆಗೆ ತರುವಾಗ

ಗೋಣಿಚೀಲ ಬೇಡ. ಮತ್ತಿನಲ್ಲಿರುವ ಬೆಕ್ಕಿನ ಕುತ್ತಿಗೆ ಮಡಚಿಕೊಂಡರೆ ಉಸಿರುದಾರಿ ಮುಚ್ಚುತ್ತದೆ, ಚೀಲದಲ್ಲಿ ಅದು ನಿಮಗೆ ಕಾಣುವುದಿಲ್ಲ. ಬೆಕ್ಕು ಒಯ್ಯುವ ಡಬ್ಬಿ ಇಲ್ಲದಿದ್ದರೆ ಹಣ್ಣು ತುಂಬುವ ಪ್ಲಾಸ್ಟಿಕ್ ಕ್ರೇಟ್ ಸಾಕು. ಅಡಿಗೆ ದಪ್ಪ ಟವೆಲ್ ಹಾಸಿ, ಮೇಲೆ ಇನ್ನೊಂದು ಕ್ರೇಟ್ ಕವುಚಿ ಹಗ್ಗ ಬಿಗಿಯಿರಿ. ತಲೆ ಮೈಯ ಮಟ್ಟಕ್ಕೇ ಇರಲಿ, ಕುತ್ತಿಗೆ ನೇರವಾಗಿರಲಿ.

ನಮ್ಮಲ್ಲಿ ಬಹಳ ಕಡೆ ಬಳಸುವ ಜೈಲಜಿನ್–ಕೆಟಮಿನ್ ಅರಿವಳಿಕೆಯಲ್ಲಿ ಜೈಲಜಿನ್ ಬೆಕ್ಕಿಗೆ ವಾಂತಿ ತರಿಸುತ್ತದೆ. ಅರೆಪ್ರಜ್ಞೆಯಲ್ಲಿ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಹೋಗಬಹುದು. ದೇವಿಮನೆ ಘಟ್ಟವೋ ಅರಬೈಲು ಘಟ್ಟವೋ ದಾಟಬೇಕಾದವರು ಬೆಕ್ಕು ತಲೆಯೆತ್ತಿ, ಎದೆಯ ಮೇಲೆ ತಾನೇ ಕೂರುವವರೆಗೆ ಹೊರಡಬೇಡಿ. ತಡವಾದರೆ ಆಗಲಿ. ತಿರುವುಗಳಲ್ಲಿ ನಿಧಾನ, ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಉಸಿರು ನೋಡಿ.

ಮೊದಲ ರಾತ್ರಿ

ಒಂದು ಸಣ್ಣ ಕೋಣೆ, ನೆಲದ ಮೇಲೆ ಹಾಸಿಗೆ, ಮಂದ ಬೆಳಕು. ಹತ್ತಲು ಕಟ್ಟೆ, ಮಂಚ, ಕಪಾಟು ಯಾವುದೂ ಬೇಡ. ಕೆಟಮಿನ್ ಕೊಟ್ಟ ಬೆಕ್ಕಿನ ಕಣ್ಣು ತೆರೆದೇ ಇರುತ್ತದೆ, ಪಾಪೆ ಅಗಲವಾಗಿರುತ್ತದೆ, ತಲೆ ಅತ್ತಿತ್ತ ತೂಗುತ್ತದೆ. ಇದು ಮದ್ದಿನ ಪರಿಣಾಮ. 12ರಿಂದ 24 ಗಂಟೆ ಹೀಗೇ ತೂರಾಡಬಹುದು. ಎಚ್ಚರವಾಗುವ ಬೆಕ್ಕು ಹೆದರಿಕೆಯಿಂದ ಸಾಕಿದವರನ್ನೇ ಪರಚುವುದುಂಟು, ಮಕ್ಕಳು ಆ ರಾತ್ರಿ ದೂರವಿರಲಿ.

ಮೊದಲ ಕೆಲಸ ಬೆಚ್ಚಗಿಡುವುದು. ಬೆಕ್ಕಿನ ಸಹಜ ಉಷ್ಣತೆ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅರಿವಳಿಕೆಯಲ್ಲಿ ಅದು ಇಳಿಯುತ್ತದೆ, ಎಳೆ ಮೈಯಲ್ಲಿ ಇನ್ನೂ ಬೇಗ ಇಳಿಯುತ್ತದೆ. ಬಿಸಿನೀರು ತುಂಬಿದ ಬಾಟಲಿಗೆ ಟವೆಲ್ ಎರಡು ಸುತ್ತು ಸುತ್ತಿ, ಹಾಸಿಗೆಯ ಒಂದು ಬದಿಗೆ ಮಾತ್ರ ಇಡಿ. ಸೆಖೆಯಾದರೆ ಬೆಕ್ಕು ಇನ್ನೊಂದು ಬದಿಗೆ ಸರಿಯುವಂತಿರಬೇಕು. ಬರಿ ಬಾಟಲಿ ತಾಗಿದರೆ ಮತ್ತಿನಲ್ಲಿ ಅದಕ್ಕೆ ಗೊತ್ತಾಗದೆ ಚರ್ಮ ಸುಡುತ್ತದೆ. ಬಚ್ಚಲೊಲೆಯ ಹತ್ತಿರ ಬಿಡಲೇಬೇಡಿ. ಬೆಚ್ಚಗಿನ ಬೂದಿಯಲ್ಲಿ ಹೊರಳುವುದು ನಮ್ಮ ಬೆಕ್ಕುಗಳಿಗೆಲ್ಲ ಇಷ್ಟ, ಹೊಲಿಗೆಯೊಳಗೆ ಬೂದಿ ಕೂತರೆ ಸೋಂಕು ಖಂಡಿತ.

ಬಾಯಿಗೆ ನೀರು ಬಿಡಬೇಡಿ. ತೂರಾಡದೆ ನಾಲ್ಕು ಹೆಜ್ಜೆ ನಡೆದ ಮೇಲೆ ಎರಡು ಚಮಚ ನೀರು ಇಡಿ. ಅರ್ಧ ಗಂಟೆ ವಾಂತಿಯಾಗದಿದ್ದರೆ ದಿನದ ಊಟದ ಕಾಲುಭಾಗ ಕೊಡಿ. ವಾಂತಿಯಾದರೆ ಬೆಳಗಿನವರೆಗೆ ಊಟ ಬೇಡವೆಂದು ಡಾಕ್ಟರರು ಹೇಳಬಹುದು. ಆದರೆ 2 ಕಿಲೋಗಿಂತ ಕಡಿಮೆ ತೂಕದ ಮರಿಯನ್ನು ಪೂರ್ತಿ ಎಚ್ಚರವಾದ ಮೇಲೂ ಸುಮ್ಮನೆ ಹಸಿದಿಡಬಾರದು, ರಕ್ತದಲ್ಲಿ ಸಕ್ಕರೆ ಇಳಿಯುತ್ತದೆ. ಮೈ ತಣ್ಣಗಾಗಿ ಜೋತುಬಿದ್ದರೆ ಒಸಡಿಗೆ ಸ್ವಲ್ಪ ಜೇನುತುಪ್ಪ ಸವರಿ, ಆ ಕ್ಷಣವೇ ಡಾಕ್ಟರರಿಗೆ ಫೋನ್ ಮಾಡಿ.

ಮಲಗುವ ಮುಂಚೆ ಮತ್ತು ರಾತ್ರಿ ಎರಡು ಬಾರಿಯಾದರೂ ಎದ್ದು ಇಷ್ಟು ನೋಡಿ. ತುಟಿ ಎತ್ತಿದರೆ ಒಸಡು ತಿಳಿಗುಲಾಬಿ ಇರಬೇಕು. ಬೆರಳಿಂದ ಒತ್ತಿ ಬಿಟ್ಟರೆ 2 ಸೆಕೆಂಡಿನೊಳಗೆ ಬಣ್ಣ ಮರಳಬೇಕು. ನಿದ್ದೆಯಲ್ಲಿ ಉಸಿರು ನಿಮಿಷಕ್ಕೆ 15ರಿಂದ 30. ಒಸಡು ಬಿಳಚಿ, ಹೊಟ್ಟೆ ಊದುತ್ತ, ಮೈ ತಣ್ಣಗಾಗುತ್ತಿದ್ದರೆ ಅದು ಒಳಗಿನ ರಕ್ತಸ್ರಾವ. ಬೆಳಗಾಗಲಿ ಎಂದು ಕಾಯುವ ಮಾತೇ ಇಲ್ಲ.

ಹೆಗಲ ನಡುವೆ ಅಥವಾ ಮುಂಗಾಲಿನ ಮೇಲೆ ಮೆತ್ತನೆಯ ಊತ ಕಂಡರೆ ಗಾಬರಿ ಬೇಡ. ಚರ್ಮದಡಿಗೆ ಕೊಟ್ಟ ದ್ರವ ಕೆಳಗಿಳಿದಿರುತ್ತದೆ, ಸಾಮಾನ್ಯವಾಗಿ ಒಂದು ದಿನದೊಳಗೆ ಮೈಗೆ ಇಳಿದುಹೋಗುತ್ತದೆ.

ನೆಕ್ಕದಂತೆ ತಡೆಯುವುದು

ಬೆಕ್ಕಿನ ನಾಲಿಗೆಯ ಮೇಲೆ ಹಿಂದಕ್ಕೆ ಬಾಗಿದ ಗಟ್ಟಿ ಮುಳ್ಳುಗಳಿವೆ, ಅರದಂತೆ ಉಜ್ಜುತ್ತವೆ. ನೆಕ್ಕಿದರೆ ಗಾಯ ಬೇಗ ಮಾಯುತ್ತದೆ ಎಂಬ ಮಾತು ಹೊಲಿಗೆ ಹಾಕಿದ ಗಾಯಕ್ಕೆ ಸಲ್ಲದು. ಒಂದು ರಾತ್ರಿ ಸಾಕು ದಾರ ಕಿತ್ತುಹಾಕಲು. ಹೊಲಿಗೆ ಬಿಚ್ಚುವವರೆಗೆ, ಅಂದರೆ 10ರಿಂದ 14 ದಿನ, ಹಗಲು ರಾತ್ರಿ ತಡೆ ಬೇಕು. "ನಾವು ನೋಡುತ್ತಿರುವಾಗ ತೆಗೆದಿರುತ್ತೇವೆ" ಎನ್ನುವ ಮನೆಗಳಲ್ಲೇ ಹೊಲಿಗೆ ಕೀಳುವುದು.

ಪ್ಲಾಸ್ಟಿಕ್ ಅಥವಾ ಬಟ್ಟೆಯ ಶಂಕುವಿನ ಕಾಲರ್ ಮೂಗಿನ ತುದಿಯಿಂದ 2–3 ಸೆಂಟಿಮೀಟರ್ ಮುಂದೆ ಚಾಚಿರಬೇಕು. ಕುತ್ತಿಗೆಯ ಬಳಿ ಒಂದು ಬೆರಳು ಸಲೀಸಾಗಿ ತೂರಬೇಕು. ಮೊದಲ ಕೆಲವು ಗಂಟೆ ಬೆಕ್ಕು ಹಿಂದೆ ಹಿಂದೆ ನಡೆಯುತ್ತದೆ, ಗೋಡೆಗೆ ಡಿಕ್ಕಿ ಹೊಡೆಯುತ್ತದೆ, ಮುನಿಸಿಕೊಂಡು ಮೂಲೆಗೆ ಬೀಳುತ್ತದೆ. ಕರುಣೆಯಿಂದ ಬಿಚ್ಚಬೇಡಿ, ಮರುದಿನಕ್ಕೆ ಒಗ್ಗುತ್ತದೆ. ಊಟಕ್ಕೆ ಆಳದ ಬಟ್ಟಲಿನ ಬದಲು ಚಪ್ಪಟೆ ತಟ್ಟೆಯನ್ನು ಎರಡು ಇಂಚು ಎತ್ತರಕ್ಕೆ ಇಡಿ.

ಕಾಲರ್ ಸಿಗದಿದ್ದರೆ ಅಥವಾ ಬೆಕ್ಕು ಅದರಲ್ಲಿ ಊಟವನ್ನೇ ಬಿಟ್ಟರೆ ಅಂಗಿ ಹೊಲಿಯಬಹುದು. ಹಳೆ ಟೀಶರ್ಟಿನ ತೋಳು ಅಥವಾ ಲೆಗ್ಗಿಂಗ್ಸ್ ಕಾಲು ಸಾಕು. ಕುತ್ತಿಗೆಯಿಂದ ಬಾಲದ ಬುಡದವರೆಗೆ ಅಳೆದು ಕತ್ತರಿಸಿ. ಮುಂಗಾಲಿಗೆ ಸುಮಾರು 3 ಸೆಂಟಿಮೀಟರಿನ ಎರಡು ತೂತು ಮಾಡಿ. ಹಿಂದಿನ ತುದಿಯ ಎರಡು ಪಕ್ಕಗಳಲ್ಲಿ ಸೀಳಿ, ಆ ಪಟ್ಟಿಗಳನ್ನು ಹಿಂಗಾಲುಗಳ ಹಿಂದಿನಿಂದ ಬಳಸಿ ಬೆನ್ನ ಮೇಲೆ ಗಂಟು ಹಾಕಿ. ಬಾಲದಡಿ ಪೂರ್ತಿ ತೆರೆದಿರಬೇಕು. ಮೂರು ಅಂಗಿ ಮಾಡಿಟ್ಟುಕೊಳ್ಳಿ, ಏಕೆಂದರೆ ಉಚ್ಚೆ ತಾಗಿದ್ದನ್ನು ಆ ಕೂಡಲೇ ಬದಲಿಸಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ಬಟ್ಟೆ ಒಣಗಿದಂತೆ ಕಂಡರೂ ಥಂಡಿ ಇರುತ್ತದೆ. ಇಸ್ತ್ರಿ ಹಾಕಿ, ಆರಿದ ಮೇಲೆಯೇ ತೊಡಿಸಿ. ಹಸಿ ಅಂಗಿಯಡಿ ಹೊಲಿಗೆ ಬೆವೆತು ಕೆಡುವುದಕ್ಕಿಂತ ಕಾಲರ್ ಎಷ್ಟೋ ವಾಸಿ.

ಗಾಯ ನೋಡುವುದು, ಮುಟ್ಟದಿರುವುದು

ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಒಂದೇ ಜಾಗದ ಬೆಳಕಿನಲ್ಲಿ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ನಿನ್ನೆಗಿಂತ ಇಂದು ಹೇಗಿದೆ ಎಂಬುದು ಕಣ್ಣಿನ ನೆನಪಿಗಿಂತ ಚೆನ್ನಾಗಿ ಗೊತ್ತಾಗುತ್ತದೆ, ಡಾಕ್ಟರರಿಗೂ ಕಳುಹಿಸಬಹುದು.

ಅಂಚು ತುಸು ಕೆಂಪಿರುವುದು, ಸುತ್ತ ನೀಲಿ ಕಲೆ, ಮೊದಲ ದಿನ ಒಂದೆರಡು ಹನಿ ತಿಳಿಗೆಂಪು ನೀರು ಸಹಜ. ಹೊಲಿಗೆಯ ಉದ್ದಕ್ಕೆ ಗಟ್ಟಿ ಏಣಿನಂಥ ಗಂಟು ಬೆಕ್ಕುಗಳಲ್ಲಿ ಸಾಮಾನ್ಯ. ಒಳಗಿನ ದಾರಕ್ಕೆ ಮೈ ತೋರುವ ಪ್ರತಿಕ್ರಿಯೆ ಅದು, ವಾರಗಳಲ್ಲಿ ಕರಗುತ್ತದೆ. ಕೀವು, ದುರ್ವಾಸನೆ, ಅಂಚು ಬಿಟ್ಟುಕೊಂಡಿರುವುದು, ದಿನದಿಂದ ದಿನಕ್ಕೆ ಹೆಚ್ಚುವ ಕೆಂಪು, ಮುಟ್ಟಿದರೆ ಬಿಸಿ ಇವು ಸಹಜವಲ್ಲ. ಮೂರನೇ ದಿನದ ನಂತರ ದಿಢೀರನೆ ಮೆತ್ತನೆಯ ಗಡ್ಡೆ ಎದ್ದರೆ ಬರಿ ನೀರು ತುಂಬಿರಬಹುದು, ಸ್ನಾಯುವಿನ ಹೊಲಿಗೆ ಬಿಟ್ಟು ಕರುಳೂ ಇಳಿದಿರಬಹುದು. ಮನೆಯಲ್ಲಿ ಒತ್ತಿ ಪರೀಕ್ಷಿಸಬೇಡಿ, ಅದೇ ದಿನ ತೋರಿಸಿ.

ಗಾಯಕ್ಕೆ ಏನು ಹಚ್ಚಬೇಕು? ಡಾಕ್ಟರರು ಕೊಟ್ಟಿದ್ದು ಇದ್ದರೆ ಅದು, ಇಲ್ಲವಾದರೆ ಏನೂ ಇಲ್ಲ. ಅರಿಶಿನ, ಕೊಬ್ಬರಿ ಎಣ್ಣೆ, ಬೇವಿನೆಣ್ಣೆ, ಕಾಫಿಪುಡಿ ಬೇಡ. ಎಣ್ಣೆ ಅಂಚನ್ನು ಮೆತ್ತಗೆ ಮಾಡಿ ಕಸ ಹಿಡಿಸುತ್ತದೆ, ವಾಸನೆಗೆ ಬೆಕ್ಕು ಇನ್ನಷ್ಟು ನೆಕ್ಕುತ್ತದೆ. ಡೆಟಾಲ್ ನೀರು ಇನ್ನೂ ಕೆಟ್ಟದ್ದು. ಅದರಲ್ಲಿರುವ ಫಿನಾಲ್ ಜಾತಿಯ ರಾಸಾಯನಿಕ ಬೆಕ್ಕಿಗೆ ವಿಷ, ಕೋಣೆ ಒರೆಸುವ ಫಿನೈಲೂ ಹಾಗೆಯೇ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಹೊಸದಾಗಿ ಕೂಡುತ್ತಿರುವ ಜೀವಕೋಶವನ್ನು ಸುಡುತ್ತವೆ.

ಮಳೆಗಾಲದ ಇನ್ನೊಂದು ಕಾಟ ನೊಣ. ಹಸಿ ಗಾಯದ ಮೇಲೆ ನೊಣ ಇಟ್ಟ ಮೊಟ್ಟೆ ಒಂದು ದಿನದೊಳಗೆ ಹುಳವಾಗುತ್ತದೆ. ಹಾಸಿಗೆಗೆ ಸೊಳ್ಳೆಪರದೆ ಕಟ್ಟಿ. ಕೂದಲಿಗೆ ಅಂಟಿದ ಸಣ್ಣ ಬಿಳಿ ಕಡ್ಡಿಗಳಂಥ ಮೊಟ್ಟೆ ಕಂಡರೆ ಆ ದಿನವೇ ಆಸ್ಪತ್ರೆ. ದನದ ಹುಣ್ಣಿಗೆ ಹೊಡೆಯುವ ಸ್ಪ್ರೇಯನ್ನು ಕೇಳದೆ ಬಳಸಬೇಡಿ, ಬೆಕ್ಕು ಮೈಗೆ ತಾಗಿದ್ದನ್ನೆಲ್ಲ ನೆಕ್ಕಿ ನುಂಗುತ್ತದೆ.

ಉಣುಗಿನ ಮದ್ದಿನ ವಿಷಯದಲ್ಲಿ ಸಿದ್ದಾಪುರ, ಶಿರಸಿಯ ಕೊಟ್ಟಿಗೆಯವರು ವಿಶೇಷವಾಗಿ ಗಮನಿಸಬೇಕು. ದನಗಳಿಗೆ ಬಳಸುವ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್, ನಾಯಿಗಳಿಗೆ ಹಚ್ಚುವ ಪರ್ಮೆಥ್ರಿನ್ ಮೂರೂ ಬೆಕ್ಕಿನ ನರಗಳಿಗೆ ವಿಷ. ಜೊಲ್ಲು, ನಡುಕ, ಸೆಳವು ಬರುತ್ತದೆ. ಮದ್ದು ಹಾಕಿದ ದನದ ಪಕ್ಕ ಮಲಗಿದರೂ ಸಾಕು. ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಭಯಕ್ಕೆ ಮನುಷ್ಯರು ಹಚ್ಚಿಕೊಳ್ಳುವ ಡೆಪಾ ಎಣ್ಣೆಯನ್ನೂ ಬೆಕ್ಕಿಗೆ ಸವರಬಾರದು. ಗಾಯದ ಹತ್ತಿರ ಉಣುಗು ಕಂಡರೆ ಚಿಮುಟದಿಂದ ಚರ್ಮದ ಬುಡದಲ್ಲಿ ಹಿಡಿದು ನೇರ ಮೇಲಕ್ಕೆಳೆಯಿರಿ, ಬರಿಗೈಯಲ್ಲಿ ಜಜ್ಜಬೇಡಿ.

ನೋವು ಮತ್ತು ಮಾತ್ರೆ

ಬೆಕ್ಕು ನೋವಾದರೆ ಕೂಗುವುದಿಲ್ಲ. ಬೆನ್ನು ಗೂನಾಗಿಸಿ, ಕಣ್ಣು ಅರೆಮುಚ್ಚಿ, ಕಿವಿ ಅಗಲಿಸಿ ಕೂರುತ್ತದೆ. ಮೈ ನೆಕ್ಕಿಕೊಳ್ಳುವುದನ್ನು, ಊಟವನ್ನು ಬಿಡುತ್ತದೆ. ಎರಡನೇ ದಿನವೂ ಹೀಗಿದ್ದರೆ ನೋವಿನ ಮದ್ದು ಸಾಲದು ಎಂದರ್ಥ, ಡಾಕ್ಟರರಿಗೆ ಹೇಳಿ.

ಪ್ಯಾರಾಸಿಟಮಾಲ್ ಕೊಡಬೇಡಿ. ಡೋಲೋ, ಕ್ರೋಸಿನ್, ಕ್ಯಾಲ್ಪಾಲ್ ಎಲ್ಲವೂ ಅದೇ. ಬೆಕ್ಕಿನ ಯಕೃತ್ತಿಗೆ ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಇಲ್ಲ. ರಕ್ತ ಆಮ್ಲಜನಕ ಹೊರುವುದನ್ನು ನಿಲ್ಲಿಸುತ್ತದೆ, ಒಸಡು ಕಂದುಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಾದ ಊದುತ್ತವೆ. 500 ಮಿಲಿಗ್ರಾಂ ಮಾತ್ರೆಯ ಅರ್ಧ ಎಳೆ ಬೆಕ್ಕನ್ನು ಕೊಲ್ಲುತ್ತದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಕೂಡ ಬೇಡ. ಮೆಲಾಕ್ಸಿಕಾಮ್ ಎಂಬ ನೋವಿನ ಮದ್ದು ಬೆಕ್ಕಿಗೆ ಬಳಕೆಯಲ್ಲಿದೆ, ಆದರೆ ತೂಕಕ್ಕೆ ತಕ್ಕ ಹನಿ ಲೆಕ್ಕದಲ್ಲಿ, ಬರೆದುಕೊಟ್ಟಷ್ಟು ದಿನ ಮಾತ್ರ. ನೀರು ಕುಡಿಯದ, ವಾಂತಿ ಮಾಡುವ ಬೆಕ್ಕಿಗೆ ಕೊಟ್ಟರೆ ಮೂತ್ರಪಿಂಡ ಹೋಗುತ್ತದೆ.

ಮಾತ್ರೆ ನುಂಗಿಸಿದ ಮೇಲೆ ಸೂಜಿಯಿಲ್ಲದ ಸಿರಿಂಜಿನಿಂದ ಬಾಯಿಯ ಪಕ್ಕಕ್ಕೆ 3–5 ಮಿಲಿಲೀಟರ್ ನೀರು ನಿಧಾನವಾಗಿ ಕೊಡಿ. ಒಣ ಮಾತ್ರೆ ಅನ್ನನಾಳದಲ್ಲೇ ಅಂಟಿ ಕೂರುತ್ತದೆ. ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಹಾಗೆ ಅಂಟಿದರೆ ಅಲ್ಲಿ ಹುಣ್ಣಾಗಿ ದಾರಿಯೇ ಕಿರಿದಾಗಬಹುದು.

ಊಟ, ಉಚ್ಚೆ, ಹೇಲು

ಮರುದಿನದಿಂದ ಮಾಮೂಲಿ ಊಟ, ದಿನಕ್ಕೆ ಮೂರು ನಾಲ್ಕು ಸಣ್ಣ ಪಾಲು. ಗಾಯ ಮಾಯಲು ಪ್ರೋಟೀನ್ ಬೇಕು, ಹಾಲನ್ನದಲ್ಲಿ ಅದು ಸಾಲದು. ಬಹಳಷ್ಟು ಬೆಕ್ಕುಗಳಿಗೆ ಹಾಲಿನ ಸಕ್ಕರೆ ಅರಗದೆ ಭೇದಿಯಾಗುತ್ತದೆ. ಸಸ್ಯಾಹಾರಿ ಮನೆಯವರು ಈ ಎರಡು ವಾರ ಬೆಕ್ಕಿನ ಪ್ಯಾಕೆಟ್ ಆಹಾರವನ್ನು ನೀರಲ್ಲಿ ನೆನೆಸಿ ಕೊಡುವುದು ಉತ್ತಮ. ಕರಾವಳಿಯವರು ತಾರ್ಲೆ, ಬಂಗುಡೆಯನ್ನು ಉಪ್ಪು, ಖಾರ, ಹುಳಿ ಇಲ್ಲದೆ ಬೇಯಿಸಿ, ಮುಳ್ಳು ಬಿಡಿಸಿ ಕೊಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಂತಾಗ ಒಣಮೀನು ಹಾಕುವ ಅಭ್ಯಾಸವಿದೆ. ಅದರ ಉಪ್ಪು ಈಗ ಬೇಡ, ಮೊಟ್ಟೆ ಬೇಯಿಸಿ ಕೊಡಿ. ಎಳೆ ಬೆಕ್ಕು 24 ಗಂಟೆ ಏನೂ ತಿನ್ನದಿದ್ದರೆ ಫೋನ್ ಮಾಡಿ.

ಉಚ್ಚೆ 24 ಗಂಟೆಯೊಳಗೆ ಆಗಬೇಕು. ಹೇಲು ಎರಡು ಮೂರು ದಿನ ತಡವಾದರೆ ಚಿಂತೆಯಿಲ್ಲ. ತಟ್ಟೆಗೆ ಸಮುದ್ರದ ಮರಳು, ಮರದ ಹೊಟ್ಟು, ಬೂದಿ ಹಾಕಬೇಡಿ, ಹೊಲಿಗೆಗೆ ಅಂಟುತ್ತವೆ. ಹರಿದ ಪೇಪರ್ ಚೂರು ಸಾಕು.

ಕೂಡಿಡುವ ಹತ್ತು ದಿನ

ಬಾಗಿಲು ಭದ್ರವಾಗಿರುವ ಸಣ್ಣ ಕೋಣೆ ಇದ್ದರೆ ಅದು. ಹಂಚಿಗೂ ಗೋಡೆಗೂ ನಡುವೆ ಸಂದಿಯಿರುವ ಕೋಣೆ ಬೇಡ, ಬೆಕ್ಕು ಕಪಾಟಿನಿಂದ ಪಕಾಸಿಗೆ ಹಾರಿ ಹೊರಗೆ ಹೋಗುತ್ತದೆ. ಅಂಥ ಮನೆಗೆ 36 ಇಂಚಿನ ನಾಯಿಗೂಡು ಬಾಡಿಗೆಗೋ ಕೇಳಿಯೋ ತನ್ನಿ. ಒಂದು ತುದಿಗೆ ಹಾಸಿಗೆ, ಇನ್ನೊಂದು ತುದಿಗೆ ಪೇಪರ್ ತಟ್ಟೆ, ನಡುವೆ ನೀರು. ಗೂಡಿನ ಮೂರು ಬದಿಗೆ ಹಳೆ ಸೀರೆ ಹೊದಿಸಿದರೆ ಬೆಕ್ಕು ಬೇಗ ಶಾಂತವಾಗುತ್ತದೆ. ಕೂಗುತ್ತದೆ, ಮೂರನೇ ದಿನ ಜೋರಾಗಿಯೇ ಕೂಗುತ್ತದೆ. ಊಟವನ್ನು ರಟ್ಟಿನ ಡಬ್ಬಿಯ ತೂತುಗಳಲ್ಲಿ ಅಡಗಿಸಿಟ್ಟು ಹುಡುಕಲು ಬಿಡಿ, ಹೊತ್ತು ಹೋಗುತ್ತದೆ. ದಾರ ಎಳೆದು ಹಾರಿಸುವ ಆಟ ಬೇಡ.

ಎತ್ತುವಾಗ ಒಂದು ಕೈ ಎದೆಯಡಿ, ಇನ್ನೊಂದು ಕೈ ಹಿಂಭಾಗದಡಿ. ಕುತ್ತಿಗೆಯ ಚರ್ಮ ಹಿಡಿದು ಎತ್ತಿದರೆ ಹೊಟ್ಟೆ ಜಗ್ಗುತ್ತದೆ. ಸ್ನಾನ ಇಲ್ಲ.

ಮನೆಯ ಬೇರೆ ಬೆಕ್ಕುಗಳು ಆಸ್ಪತ್ರೆಯ ವಾಸನೆಗೆ ಬುಸುಗುಟ್ಟುತ್ತವೆ, ಎರಡು ದಿನ ಬೇರೆಯಿಡಿ. ಗಂಡುಬೆಕ್ಕನ್ನು ಹತ್ತು ದಿನವೂ ದೂರವಿಡಿ. ಬೆದೆಯಲ್ಲಿರುವಾಗ ಆಪರೇಷನ್ ಆದ ಹೆಣ್ಣಿನ ವಾಸನೆ ಕೆಲವು ದಿನ ಉಳಿದಿರುತ್ತದೆ. ಗಂಡು ಮೇಲೆ ಬಿದ್ದರೆ ಒಳಗಿನ ಹೊಲಿಗೆಯೇ ಹರಿಯಬಹುದು.

ಮಳೆಗಾಲ ಕಳೆಯಲಿ ಎಂದು ಆಪರೇಷನ್ನನ್ನೇ ಮುಂದೂಡಬೇಕೆ? ಮನೆಯ ಸುತ್ತ ಗಂಡುಬೆಕ್ಕು ಸುಳಿಯುತ್ತಿದ್ದರೆ ಬೇಡ. ಬೆಕ್ಕಿನ ಗರ್ಭ 63–65 ದಿನ, ಮಳೆ ನಿಲ್ಲುವಷ್ಟರಲ್ಲಿ ಮರಿ ಹುಟ್ಟಿರುತ್ತವೆ. ಒಣ ಕೋಣೆಯೊಂದನ್ನು ಹೊಂದಿಸಿಕೊಂಡು ಮಾಡಿಸುವುದೇ ಮೇಲು. ಘಟ್ಟದ ದಾರಿ ಮಣ್ಣು ಕುಸಿದು ಮುಚ್ಚುವ ದಿನಗಳಲ್ಲಿ ಮಾತ್ರ ಆಸ್ಪತ್ರೆಯಿರುವ ಊರಿನ ನೆಂಟರ ಮನೆಯಲ್ಲಿ ಮೊದಲೆರಡು ರಾತ್ರಿ ಉಳಿಯುವುದು ಜಾಣತನ.

ತಕ್ಷಣ ಹೊರಡಬೇಕಾದದ್ದು

ಬಿಳಿ ಅಥವಾ ನೀಲಿ ಒಸಡು, ಹೊಲಿಗೆಯಿಂದ ತೊಟ್ಟಿಕ್ಕುತ್ತಲೇ ಇರುವ ರಕ್ತ, ಬಾಯಿ ತೆರೆದು ಉಸಿರಾಟ ಅಥವಾ ಮಲಗಿದ್ದಾಗಲೂ ನಿಮಿಷಕ್ಕೆ 40 ಮೀರಿದ ಉಸಿರು, 103.5 ಡಿಗ್ರಿ ಮೀರಿದ ಜ್ವರ ಅಥವಾ 99ಕ್ಕಿಂತ ಕೆಳಗಿಳಿದ ಮೈ, 24 ಗಂಟೆಯ ನಂತರವೂ ಇಳಿಯದ ಅರಿವಳಿಕೆಯ ಮಂಪರು, ನಿಲ್ಲದ ವಾಂತಿ. ಹೊಲಿಗೆ ಬಿಟ್ಟು ಒಳಗಿನದು ಹೊರಬಂದಿದ್ದರೆ ಒಳಗೆ ತಳ್ಳಬೇಡಿ. ಕಾಯಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಸಣ್ಣ ಚಮಚ ಮಟ್ಟಸ ಉಪ್ಪು ಹಾಕಿ, ಅದರಲ್ಲಿ ಅದ್ದಿದ ಶುದ್ಧ ಬಟ್ಟೆ ಮುಚ್ಚಿ, ಕಾಲರ್ ಹಾಕಿಯೇ ಒಯ್ಯಿರಿ.

ಹೊಲಿಗೆ ಬಿಚ್ಚಿದ ಮೇಲೆ

ನೈಲಾನ್ ದಾರವಿದ್ದರೆ 10ರಿಂದ 14ನೇ ದಿನದೊಳಗೆ ಡಾಕ್ಟರರಲ್ಲೇ ಬಿಚ್ಚಿಸಿ. ಮರುದಿನವೂ ಕಾಲರ್ ಇರಲಿ, ದಾರ ಹೋದ ತೂತುಗಳನ್ನು ಬೆಕ್ಕು ನೆಕ್ಕುತ್ತದೆ. ರೇಬೀಸ್ ಲಸಿಕೆ ಬಾಕಿಯಿದ್ದರೆ ಆವತ್ತೇ ಕೇಳಿ. ಬೋಳಿಸಿದ ಜಾಗದಲ್ಲಿ ಕೂದಲು ತುಂಬಲು ಎರಡು ಮೂರು ತಿಂಗಳು ಹಿಡಿಯಬಹುದು.

ಮೀನುಪೇಟೆಯ, ಬೀದಿಯ ಬೆಕ್ಕಿಗೆ ಆಪರೇಷನ್ ಮಾಡಿಸುವವರು ಕರಗುವ ದಾರವನ್ನೇ ಚರ್ಮದೊಳಗೆ ಹಾಕಿಸಿ, ಕಿವಿಯ ತುದಿಗೆ ಗುರುತು ಮಾಡಿಸಿ. ಹಾಗಾದರೆ ಅದನ್ನು ಮತ್ತೆ ಹಿಡಿದು ಕೊಯ್ಯುವ ಪ್ರಸಂಗ ಬರುವುದಿಲ್ಲ. ಜಾಗವಿದ್ದರೆ ಐದು ದಿನ, ಇಲ್ಲವಾದರೆ ಕನಿಷ್ಠ ಎರಡು ದಿನವಾದರೂ ಗೂಡಿನಲ್ಲಿಟ್ಟು, ಮಳೆಯಿಲ್ಲದ ಹೊತ್ತಿನಲ್ಲಿ ಹಿಡಿದ ಜಾಗದಲ್ಲೇ ಬಿಡಿ.

ಆಪರೇಷನ್ ಆದ ಬೆಕ್ಕಿಗೆ ಹಸಿವು ಹೆಚ್ಚುತ್ತದೆ, ಬೇಕಾಗುವ ಕ್ಯಾಲೊರಿ ಮಾತ್ರ ಕಾಲುಭಾಗದಷ್ಟು ಇಳಿಯುತ್ತದೆ. ಬೆಳೆಯುತ್ತಿರುವ ಮರಿಗೆ ಈಗಲೇ ಊಟ ಕಡಿತ ಬೇಡ. ತಿಂಗಳಿಗೊಮ್ಮೆ ತೂಗಿ, ಬೆಳವಣಿಗೆ ನಿಂತ ಮೇಲೂ ತೂಕ ಏರುತ್ತಿದ್ದರೆ ಪಾಲು ಇಳಿಸಿ. ಪಕ್ಕೆಲುಬು ಬೆರಳಿಗೆ ಸಿಗಬೇಕು, ಕಣ್ಣಿಗೆ ಕಾಣಬಾರದು. ತಿಂಗಳುಗಳ ನಂತರ ಬೆಕ್ಕು ಮತ್ತೆ ಹೊರಳಾಡಿ, ಹಿಂಭಾಗ ಎತ್ತಿ, ರಾತ್ರಿಯಿಡೀ ಕೂಗಿ ಬೆದೆಯ ಲಕ್ಷಣ ತೋರಿಸಿದರೆ ಅಂಡಾಶಯದ ಚೂರು ಒಳಗೆ ಉಳಿದಿರುವ ಸಾಧ್ಯತೆಯಿದೆ. ಆ ದಿನಗಳಲ್ಲೇ ವಿಡಿಯೊ ಮಾಡಿಕೊಂಡು ಡಾಕ್ಟರರಿಗೆ ತೋರಿಸಿ, ಬೆದೆಯ ಹೊತ್ತಿನಲ್ಲೇ ಪರೀಕ್ಷಿಸಿದರೆ ಪತ್ತೆ ಸುಲಭ.